ಕೊಡಗಿನ ಮನೆಯಲ್ಲಿ ಕಡಲ ಅನಿಮೋನ್ ಸಾಕಿ ಮರಿ ಮಾಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ ಕಡೆ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು, ಇಡಬೇಕೆಂದು ಆಸೆಪಟ್ಟವರು ಎದುರು ಸಿಕ್ಕಾಗ, ಫೋನಿನಲ್ಲಿ, ಮೆಸೇಜಿನಲ್ಲಿ, ಪತ್ರದಲ್ಲಿ ಕೇಳುತ್ತಲೇ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತಿನ ಧಾಟಿ ಹಾಗೇ ಇದೆ. ಬೆಂಗಳೂರು, ಚೆನ್ನೈಯಲ್ಲಿ ಸಾಕುವವರ ಸಲಹೆ ನಮ್ಮ ಚಳಿಗೆ, ಮಳೆಗೆ, ತೋಟದ ನೀರಿಗೆ ಅನೇಕ ಕಡೆ ಹೊಂದುವುದಿಲ್ಲ. ಅಂಥ ಕಡೆಗಳಲ್ಲಿ ಉತ್ತರ ಸ್ವಲ್ಪ ಉದ್ದವಾಗಿದೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಕಡಲಿನಿಂದ ಕಿತ್ತು ತಂದ ಅನಿಮೋನನ್ನು ದುಡ್ಡು ಕೊಟ್ಟು ತರುವುದಕ್ಕಿಂತ, ಯಾರದೋ ಮನೆಯ ಟ್ಯಾಂಕಿನಲ್ಲಿ ತಾಯಿ ಅನಿಮೋನ್ ಎರಡಾಗಿ ಸೀಳಿ ಹುಟ್ಟಿದ ಮರಿಯನ್ನು ಕಾದು ಪಡೆಯುವುದು ಮೇಲು. ಅದು ಬದುಕುವ ಸಾಧ್ಯತೆಯೂ ಹೆಚ್ಚು, ಕಡಲಿಗೂ ನಷ್ಟವಿಲ್ಲ.

## ಮೊದಲಿಂದ ಶುರು ಮಾಡುವವರಿಗೆ

ಅಣ್ಣ, ಇದು ಗಿಡವಾ, ಪ್ರಾಣಿಯಾ? ನೋಡೋಕೆ ಹೂವಿನ ಥರ ಇದೆಯಲ್ಲ?

ಪ್ರಾಣಿ. ಹವಳದ, ಜೆಲ್ಲಿ ಮೀನಿನ ಹತ್ತಿರದ ಸಂಬಂಧಿ. ಕೆಳಗೆ ಕಲ್ಲಿಗೆ ಅಂಟಿಕೊಳ್ಳುವ ಪಾದ, ಮೇಲೆ ತಟ್ಟೆಯಂಥ ಭಾಗ, ಅದರ ನಡುವೆ ಒಂದು ಬಾಯಿ, ಬಾಯಿಯ ಸುತ್ತ ಎಳೆ ಎಳೆಯಾಗಿ ಗ್ರಹಣಾಂಗಗಳು. ತಿನ್ನುವುದೂ ಆ ಬಾಯಿಯಿಂದಲೇ, ಕಸ ಹೊರಹಾಕುವುದೂ ಅದರಿಂದಲೇ. ಮೆದುಳಿಲ್ಲ, ಮೂಳೆಯಿಲ್ಲ. ಎಳೆಗಳಲ್ಲಿ ಲಕ್ಷಾಂತರ ಕುಟುಕು ಕೋಶಗಳಿವೆ, ಮುಟ್ಟಿದ್ದಕ್ಕೆ ಅವು ಸಣ್ಣ ಈಟಿಯಂತೆ ಚುಚ್ಚುತ್ತವೆ.

ನಾವು ಸಾಕುವ ಬಹುಪಾಲು ಜಾತಿಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸ ಮಾಡುತ್ತದೆ. ಅದು ಬೆಳಕಿನಿಂದ ಆಹಾರ ತಯಾರಿಸಿ ದೊಡ್ಡ ಪಾಲನ್ನು ಅನಿಮೋನಿಗೆ ಕೊಡುತ್ತದೆ. ಈ ಪ್ರಾಣಿಗೆ ಒಳ್ಳೆಯ ಲೈಟ್ ಬೇಕೇ ಬೇಕು ಅನ್ನುವುದು ಇದಕ್ಕೇ.

ಕ್ಲೌನ್ ಮೀನು ತಂದಿದ್ದೀವಿ. ಅನಿಮೋನ್ ಇಲ್ಲದಿದ್ರೆ ಅದು ಸತ್ತುಹೋಗುತ್ತಾ?

ಇಲ್ಲ. ಕಡಲಲ್ಲಿ ಶತ್ರುಗಳಿಂದ ತಪ್ಪಿಸಿಕೊಳ್ಳಲು ಅದಕ್ಕೆ ಅನಿಮೋನ್ ಬೇಕು. ಟ್ಯಾಂಕಿನಲ್ಲಿ ಶತ್ರುವೇ ಇಲ್ಲ. ಕ್ಲೌನ್ ಮೀನನ್ನು ಮೊಟ್ಟೆಯಿಂದ ಮರಿ ಮಾಡಿ ಬೆಳೆಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲೇ ರೂಪಿಸಿದೆ. ಹಾಗೆ ಬೆಳೆದ ಎಷ್ಟೋ ಮೀನುಗಳು ಹುಟ್ಟಿದಾಗಿನಿಂದ ಅನಿಮೋನ್ ಕಂಡೇ ಇರುವುದಿಲ್ಲ. ಮೀನಿಗೋಸ್ಕರ ಅನಿಮೋನ್ ತರಬೇಡಿ. ಅನಿಮೋನ್ ಸಾಕುವ ಮನಸ್ಸಿದ್ದರೆ ಮಾತ್ರ ತನ್ನಿ.

ಯಾವ ಜಾತಿಯಿಂದ ಶುರು ಮಾಡೋದು ಒಳ್ಳೇದು?

ಬಬಲ್ ಟಿಪ್. ಶಾಸ್ತ್ರೀಯ ಹೆಸರು ಎಂಟಾಕ್ಮಿಯಾ ಕ್ವಾಡ್ರಿಕಲರ್. ಎಳೆಯ ತುದಿ ಬಲ್ಬಿನಂತೆ ಉಬ್ಬಿರುತ್ತದೆ, ಕೆಲವೊಮ್ಮೆ ಆ ಉಬ್ಬು ಮಾಯವಾಗಿ ಎಳೆ ಉದ್ದವಾಗುತ್ತದೆ. ಅದು ಕಾಯಿಲೆಯಲ್ಲ. ಕ್ಲೌನ್ ಮೀನುಗಳು ಆಶ್ರಯ ಪಡೆಯುವ ಹತ್ತು ಜಾತಿಗಳಲ್ಲಿ ಮನೆಯಲ್ಲಿ ಸುಲಭವಾಗಿ ಒಗ್ಗುವುದು, ತಾನೇ ಎರಡಾಗಿ ಸೀಳಿಕೊಳ್ಳುವುದು ಇದು. ಕಾರ್ಪೆಟ್ ಅನಿಮೋನ್, ಮ್ಯಾಗ್ನಿಫಿಕಾ ಎಂಬ ಜಾತಿಗಳು ಎಷ್ಟೇ ಚೆಂದ ಕಂಡರೂ ಮೊದಲ ಸಲಕ್ಕೆ ಬೇಡ. ಸಾಗಾಟದಲ್ಲೇ ಅವು ಸೋತಿರುತ್ತವೆ, ಚೇತರಿಸಿಕೊಳ್ಳುವುದು ಕಷ್ಟ.

ಅಂಗಡಿಯಲ್ಲಿ ಆರಿಸುವಾಗ ಬಾಯಿ ನೋಡಿ. ಬಾಯಿ ಬಿಗಿಯಾಗಿ ಮುಚ್ಚಿರಬೇಕು. ಜೋಲು ಬಿದ್ದು ಒಳಗಿನ ತಿರುಳು ಹೊರಗೆ ಇಣುಕುತ್ತಿದ್ದರೆ ಬಿಟ್ಟು ಬನ್ನಿ. ಪಾದದಲ್ಲಿ ಹರಿದ ಗಾಯ ಇರಬಾರದು. ಗಾಢ ಹಳದಿ, ಗುಲಾಬಿ ಬಣ್ಣದ, ಪ್ಲಾಸ್ಟಿಕ್ಕಿನಂತೆ ಹೊಳೆಯುವ ಅನಿಮೋನ್ ಕಂಡರೆ ಅದಕ್ಕೆ ಬಣ್ಣ ಕುಡಿಸಿರಬಹುದು. ಬಣ್ಣ ಹಾಕಿದ ಅನಿಮೋನ್ ಬಹುಮಟ್ಟಿಗೆ ಪಾಚಿ ಕಳೆದುಕೊಂಡು ಬೆಳ್ಳಗಾದದ್ದೇ.

ಎಷ್ಟು ವರ್ಷ ಬದುಕುತ್ತೆ ಇದು?

ನಮಗಿಂತ ಹೆಚ್ಚು ಬದುಕಿದರೂ ಆಶ್ಚರ್ಯವಿಲ್ಲ. ಸ್ಕಾಟ್ಲೆಂಡಿನ ಸರ್ ಜಾನ್ ಡಾಲ್ಯೆಲ್ 1828ರಲ್ಲಿ ನಾರ್ತ್ ಬರ್ವಿಕ್ ತೀರದಿಂದ ಒಂದು ಕೆಂಪು ಅನಿಮೋನ್ ತಂದು ಗಾಜಿನ ಪಾತ್ರೆಯಲ್ಲಿ ಸಾಕಿದರು. ಅವರು ತೀರಿಕೊಂಡ ಮೇಲೆ ಅದು ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹೋಯಿತು. ಎಲ್ಲರೂ ಅದನ್ನು "ಗ್ರ್ಯಾನಿ" ಎಂದೇ ಕರೆಯುತ್ತಿದ್ದರು. ನೂರಾರು ಮರಿ ಹಾಕಿ ಅದು ಸತ್ತದ್ದು 1887ರಲ್ಲಿ. ಪಂಪು, ಹೀಟರು, ಎಲ್‌ಇಡಿ ಯಾವುದೂ ಇಲ್ಲದ ಕಾಲ ಅದು. ದಿನವೂ ನೀರು ಬದಲಿಸುವ ಶ್ರದ್ಧೆಯೊಂದೇ ಇತ್ತು. ಬೆಳ್ಳಗಾದ ಅನಿಮೋನ್ ತಂದು ತಿಂಗಳೊಳಗೆ ಸತ್ತಾಗ "ಅದರ ಆಯಸ್ಸೇ ಅಷ್ಟು" ಅನ್ನುವವರಿಗೆ ನಾನು ಈ ಸಂಗತಿ ಹೇಳುತ್ತೇನೆ.

ಅಡುಗೆಮನೆ ಕಲ್ಲುಪ್ಪು ಕರಗಿಸಿ ಹಾಕಿದ್ರೆ ಆಗಲ್ವಾ?

ಆಗುವುದಿಲ್ಲ. ಅಡುಗೆ ಉಪ್ಪಲ್ಲಿ ಹೆಚ್ಚು ಕಡಿಮೆ ಸೋಡಿಯಂ ಕ್ಲೋರೈಡ್ ಒಂದೇ. ಕಡಲ ನೀರಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಅದರಲ್ಲಿಲ್ಲ. ಅಕ್ವೇರಿಯಂಗೆಂದೇ ಮಾಡಿದ ಸಾಲ್ಟ್ ಮಿಕ್ಸ್ ಬೇಕು, ಲೀಟರಿಗೆ ಸುಮಾರು 35ರಿಂದ 38 ಗ್ರಾಂ. ಉಪ್ಪಿನಂಶ ಅಳೆಯಲು ರಿಫ್ರಾಕ್ಟೋಮೀಟರ್ ಎಂಬ ಉಪಕರಣ ಇಟ್ಟುಕೊಳ್ಳಿ, ಸಾಪೇಕ್ಷ ಸಾಂದ್ರತೆ 1.025ರಿಂದ 1.026 ತೋರಿಸಬೇಕು.

ಉಪ್ಪನ್ನು ಒಂದು ಚೀಲ ಹೆಚ್ಚಿಗೆ ದಾಸ್ತಾನು ಇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಪಾಜೆ ದಾರಿ ಬಂದ್ ಆದದ್ದು ಎಲ್ಲರಿಗೂ ನೆನಪಿದೆ. ಮಳೆಗಾಲದಲ್ಲಿ ಪಾರ್ಸೆಲ್ ನಂಬಿಕೊಂಡು ಟ್ಯಾಂಕ್ ನಡೆಸಬಾರದು.

ಮಂಗಳೂರಿಗೆ ಆಗಾಗ ಹೋಗ್ತೀವಿ. ಸಮುದ್ರದ ನೀರನ್ನೇ ಕ್ಯಾನ್‌ನಲ್ಲಿ ತಂದುಬಿಟ್ರೆ?

ತರುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ. ತೀರದ ಹತ್ತಿರದ ನೀರಿಗೆ ನೇತ್ರಾವತಿ, ಗುರುಪುರ ಹೊಳೆಗಳ ನೀರು ಬೆರೆತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನಂಶ ಬಹಳ ಇಳಿದು ಕೆಸರು ತುಂಬಿರುತ್ತದೆ. ಉಳಿದ ತಿಂಗಳಲ್ಲೂ ದೋಣಿಯ ಎಣ್ಣೆ, ಊರಿನ ಕೊಳಚೆ ಎಷ್ಟಿದೆ ಎಂದು ಕಣ್ಣಿಂದ ನೋಡಿ ಹೇಳಲಾಗದು.

ಅಲ್ಲೇ ಬಂಡೆ ಸಂದಿಯಲ್ಲಿ ಅನಿಮೋನ್ ಇರುತ್ತಲ್ಲ, ಒಂದೆರಡು ಕಿತ್ತು ತರಬಹುದಾ?

ದಯವಿಟ್ಟು ಬೇಡ. ಕೀಳುವಾಗಲೇ ಪಾದ ಹರಿಯುತ್ತದೆ. ಹವಳದ ತುಂಡಿನ ಮೇಲೆ ಕೂತದ್ದನ್ನು ತಂದರಂತೂ ಕಾನೂನಿನ ತೊಂದರೆಯೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಪಟ್ಟಿಗೆ 2001ರಲ್ಲಿ ಬಂಡೆ ಕಟ್ಟುವ ಹವಳಗಳೆಲ್ಲ ಸೇರಿವೆ. "ಲೈವ್ ರಾಕ್" ಎಂದು ಹೇಳಿ ಹವಳದ ಬಂಡೆ ಮಾರುವವರಿಂದಲೂ ಕೊಳ್ಳಬೇಡಿ, ಒಣ ಕೃತಕ ಕಲ್ಲು ಸಾಕು. ಫಿಲಿಪ್ಪೀನ್ಸ್‌ನ ಸೆಬು ಕಡೆ ಅಕ್ವೇರಿಯಂ ವ್ಯಾಪಾರಕ್ಕೆ ಹಿಡಿಯುವ ಜಾಗಗಳಲ್ಲಿ ಅನಿಮೋನೂ ಕ್ಲೌನ್ ಮೀನೂ ವಿರಳವಾದದ್ದು ಅಧ್ಯಯನದಲ್ಲಿ ಕಂಡಿದೆ. ಲಕ್ಷದ್ವೀಪದಲ್ಲಿ 1998, 2016, 2024ರಲ್ಲಿ ಕಡಲು ಬಿಸಿಯಾಗಿ ಹವಳ ಬೆಳ್ಳಗಾಯಿತು. ಅಂಥ ಬಿಸಿಗೆ ಅನಿಮೋನುಗಳೂ ಬೆಳ್ಳಗಾಗುತ್ತವೆ. ಅಷ್ಟು ಕಷ್ಟದಲ್ಲಿರುವ ಜೀವಿಯನ್ನು ನಾವು ಕೀಳಬಾರದು.

## ನಮ್ಮ ನೀರು, ನಮ್ಮ ಚಳಿ, ನಮ್ಮ ಕರೆಂಟು

ನಮ್ಮ ಬಾವಿ ನೀರು ಅಮೃತದ ಹಾಗಿದೆ. ಆರ್‌ಓ ಯಾಕೆ ಬೇಕು?

ಕುಡಿಯಲು ನಿಮ್ಮ ಬಾವಿ ನೀರು ಚೆನ್ನಾಗಿಯೇ ಇರಬಹುದು. ಅನಿಮೋನಿಗೆ ಭಯ ಇರುವುದು ತಾಮ್ರದಿಂದ. ಮೀನು ತಡೆದುಕೊಳ್ಳುವಷ್ಟು ತಾಮ್ರ ಅನಿಮೋನನ್ನು ಕೊಂದುಬಿಡುತ್ತದೆ. ನಮ್ಮ ಜಿಲ್ಲೆಯಲ್ಲಿ ತಾಮ್ರ ಎಲ್ಲಿಂದ ಬರುತ್ತದೆಂದು ಬೆಳೆಗಾರರಿಗೆ ಹೇಳಬೇಕಿಲ್ಲ. ಕಾಫಿಯ ಎಲೆ ತುಕ್ಕಿಗೆ, ಮೆಣಸಿನ ಸೊರಗಿಗೆ, ಅಡಿಕೆಯ ಕೊಳೆಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಶೇಕಡಾ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ತೋಟದ ನಡುವಿನ ತೆರೆದ ಬಾವಿಗೆ, ಕೆರೆಗೆ, ಮಾಡಿನ ಮಳೆನೀರಿಗೆ ಅದರ ಅಂಶ ಸೇರಬಹುದು. ಹಳೆಯ ತಾಮ್ರದ ಹಂಡೆಯಲ್ಲಿ ನೀರು ಹಿಡಿದಿಟ್ಟರೂ ಅದೇ ಕಥೆ, ಹಿತ್ತಾಳೆ ನಲ್ಲಿ, ಸತುವಿನ ತಗಡಿನ ಮಾಡೂ ಒಳ್ಳೆಯದಲ್ಲ.

ಆದ್ದರಿಂದ ಆರ್‌ಓ ಆದಮೇಲೆ, ಉಳಿದ ಲವಣವನ್ನೂ ಹೀರುವ ಡಿಐ ರಾಳವಿರುವ ಫಿಲ್ಟರ್ ಹಾಕಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುವ ನೀರಲ್ಲೇ ಉಪ್ಪು ಕರಗಿಸಿ. ಪ್ಲಾಸ್ಟಿಕ್ ಬಕೆಟ್ಟನ್ನು ಇದಕ್ಕೆಂದೇ ಬೇರೆ ಇಡಿ.

ಇನ್ನೊಂದು ವಿಷಯ, ಯಾರೂ ಯೋಚಿಸದೆ ಬಿಡುವುದು. ಸ್ಪ್ರೇ ಮಾಡಿ ಬಂದ ದಿನ ಟ್ಯಾಂಕಿಗೆ ಕೈ ಹಾಕಬೇಡಿ. ಬಟ್ಟೆಯ ತೋಳು, ಉಗುರ ಸಂದಿ, ಕೈಗಡಿಯಾರದ ಪಟ್ಟಿಯಲ್ಲಿ ಆ ನೀಲಿ ಪುಡಿ ಕೂತಿರುತ್ತದೆ. ಕೆಲಸ ಮಾಡಲೇಬೇಕಾದರೆ ಸ್ನಾನ ಮಾಡಿ, ಮೊಣಕೈವರೆಗಿನ ಕೈಗವಸು ಹಾಕಿ. ಡ್ರಮ್ಮು, ಪಂಪು, ಪೈಪು ಯಾವುದನ್ನೂ ತೋಟದಿಂದ ಎರವಲು ತರಬೇಡಿ. ಮೀನಿನ ಕಾಯಿಲೆಗೆ ಅಂಗಡಿಯಲ್ಲಿ ಸಿಗುವ ಹಲವು ಔಷಧಿಗಳಲ್ಲೂ ತಾಮ್ರವೇ ಇದೆ. ಅವನ್ನು ಬೇರೆ ಟ್ಯಾಂಕಿನಲ್ಲಿ ಮಾತ್ರ ಬಳಸಿ.

ಟ್ಯಾಂಕ್ ಇಟ್ಟ ಎಷ್ಟು ದಿನಕ್ಕೆ ಅನಿಮೋನ್ ತರಬಹುದು?

ದಿನ ಅಲ್ಲ, ತಿಂಗಳು ಎಣಿಸಿ. ಕನಿಷ್ಠ ಆರು ತಿಂಗಳು. ಟ್ಯಾಂಕ್ 150ರಿಂದ 200 ಲೀಟರ್ ಇರಲಿ. ಅಮೋನಿಯಾ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಲೀಟರಿಗೆ 2ರಿಂದ 10 ಮಿಲಿಗ್ರಾಂ, ಅಲ್ಕಲಿನಿಟಿ (ಪಿಎಚ್ ಅಲುಗದಂತೆ ಹಿಡಿಯುವ ಶಕ್ತಿ, ಅಳತೆಯ ಮಾನ ಡಿಕೆಎಚ್) 8ರಿಂದ 10 ಡಿಕೆಎಚ್, ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ, ಉಷ್ಣಾಂಶ 25ರಿಂದ 27 ಡಿಗ್ರಿ. ಬೆಳಕಿನ ಬಲ ಅಳೆಯುವ ಪಾರ್ ಮೀಟರ್ ಸಿಕ್ಕಿದರೆ ಬಬಲ್ ಟಿಪ್ ಕೂರುವ ಜಾಗದಲ್ಲಿ ಬೆಳಕು 150ರಿಂದ 300 ಇರಲಿ. ಈ ಅಂಕಿಗಳನ್ನು ಒಮ್ಮೆ ಮುಟ್ಟುವುದು ದೊಡ್ಡದಲ್ಲ. ತಿಂಗಳುಗಟ್ಟಲೆ ಅಲುಗಾಡದಂತೆ ಹಿಡಿದಿಡುವುದೇ ಅನಿಮೋನ್ ಸಾಕಾಣಿಕೆ.

ಬೆಂಗಳೂರಿನವರು ಚಿಲ್ಲರ್ ಇಲ್ಲದೆ ಆಗಲ್ಲ ಅಂತಾರೆ. ನಮಗೂ ಬೇಕಾ?

ಚಿಲ್ಲರ್ ಅಂದರೆ ನೀರು ತಂಪು ಮಾಡುವ ಯಂತ್ರ. ಮಡಿಕೇರಿ, ಸೋಮವಾರಪೇಟೆ, ನಾಪೋಕ್ಲು ಕಡೆಯ ತಣ್ಣನೆ ಮನೆಗಳಲ್ಲಿ ಸಾಮಾನ್ಯವಾಗಿ ಬೇಡ. ನಮಗೆ ಬೇಕಾದದ್ದು ಹೀಟರ್. ಡಿಸೆಂಬರ್, ಜನವರಿ ರಾತ್ರಿ ಹೊರಗೆ 12-14 ಡಿಗ್ರಿಗೆ ಇಳಿದಾಗ ಹಂಚಿನ ಮನೆಯೊಳಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. 200 ಲೀಟರಿಗೆ ಒಂದೇ 300 ವ್ಯಾಟ್ ಹೀಟರ್ ಹಾಕುವುದಕ್ಕಿಂತ 150ರ ಎರಡನ್ನು, ಹೊರಗಿನ ಕಂಟ್ರೋಲರಿಗೆ ಸೇರಿಸಿ ಹಾಕಿ. ಒಂದು ಕೆಟ್ಟು ನಿಂತರೆ ಇನ್ನೊಂದು ಉಳಿಸುತ್ತದೆ, ಒಂದು ಆಫ್ ಆಗದೆ ಸಿಕ್ಕಿಕೊಂಡರೂ ನೀರು ಕುದಿಯುವ ಮಟ್ಟಕ್ಕೆ ಹೋಗುವುದಿಲ್ಲ. ಹೀಟರಿನ ಸುತ್ತ ಪ್ಲಾಸ್ಟಿಕ್ ಬಲೆ ಕಡ್ಡಾಯ. ಅನಿಮೋನ್ ನಡೆದು ಹೋಗಿ ಅದಕ್ಕೆ ಅಂಟಿಕೊಂಡರೆ ಸುಟ್ಟು ಹೋಗುತ್ತದೆ. ಕುಶಾಲನಗರದ ಬಯಲಲ್ಲಿ ಏಪ್ರಿಲ್ ಬಿಸಿಲಿಗೆ ಫ್ಯಾನ್ ಬೇಕಾದೀತು.

ಆಟಿ ಮಳೆಗೆ ಎರಡು ಮೂರು ದಿನ ಕರೆಂಟೇ ಇರಲ್ಲ. ಏನ್ಮಾಡೋದು?

ಕೊಡಗಿನಲ್ಲಿ ಅನಿಮೋನ್ ಸಾಕಲು ಇರುವ ದೊಡ್ಡ ತೊಡಕು ಇದೇ. ಮರ ಬಿದ್ದು ಲೈನ್ ತುಂಡಾದರೆ ಲೈನ್‌ಮ್ಯಾನ್ ಬರುವವರೆಗೆ ನಾವೇ ನಿಭಾಯಿಸಬೇಕು. ಮೊದಲು ಬೇಕಾದದ್ದು ಆಮ್ಲಜನಕ, ಆಮೇಲೆ ಶಾಖ, ಬೆಳಕು ಕಡೆಗೆ. ಎರಡು ಮೂರು ದಿನ ಬೆಳಕಿಲ್ಲದಿದ್ದರೆ ಅನಿಮೋನಿಗೆ ಏನೂ ಆಗದು.

ಲೆಕ್ಕ ನೋಡಿ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇದೆ. ನಷ್ಟ ಕಳೆದು ಸುಮಾರು 1100 ಕೈಗೆ ಬರುತ್ತದೆ ಎಂದುಕೊಳ್ಳಿ. 200 ವ್ಯಾಟ್ ಹೀಟರ್ ಬಿಡದೆ ಉರಿದರೆ ಐದಾರು ಗಂಟೆಯಲ್ಲಿ ಬ್ಯಾಟರಿ ಖಾಲಿ. ಅದೇ ಬ್ಯಾಟರಿಯಲ್ಲಿ, ನೀರು ಕಲಕಿ ಆಮ್ಲಜನಕ ಬೆರೆಯುವಂತೆ ಮಾಡುವ 10 ವ್ಯಾಟಿನ ವೇವ್‌ಮೇಕರ್ ಪಂಪು ನಾಲ್ಕು ದಿನ ತಿರುಗುತ್ತದೆ. ಆದ್ದರಿಂದ ಇನ್ವರ್ಟರಿಗೆ ವೇವ್‌ಮೇಕರ್ ಒಂದನ್ನೇ ಕೊಡಿ. ಹೀಟರನ್ನು ಜನರೇಟರ್ ಓಡುವ ಹೊತ್ತಿಗೆ ಹಾಕಿ. ಟ್ಯಾಂಕಿಗೆ ಮೂರು ಕಡೆಯಿಂದಲೂ ಮೇಲಿಂದಲೂ ಕಂಬಳಿ ಹೊದಿಸಿ, ಗಾಳಿಯಾಡಲು ಮೂಲೆಯಲ್ಲಿ ಸ್ವಲ್ಪ ಜಾಗ ಬಿಡಿ. ಒಲೆಯಲ್ಲಿ ನೀರು ಕಾಯಿಸಿ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಮುಚ್ಚಳ ಬಿಗಿಮಾಡಿ ತೇಲಿಬಿಟ್ಟರೆ ಉಷ್ಣಾಂಶ ನಿಧಾನ ಇಳಿಯುತ್ತದೆ. ಕರೆಂಟ್ ಇಲ್ಲದ ದಿನಗಳಲ್ಲಿ ಊಟ ಪೂರ್ತಿ ನಿಲ್ಲಿಸಿ.

ಮಳೆಗಾಲದಲ್ಲಿ ಪಿಎಚ್ ಇಳಿಯುತ್ತೆ, ಗೋಡೆಗೆಲ್ಲ ಬೂಷ್ಟು. ಟ್ಯಾಂಕಿಂದಲೇನಾ?

ಎರಡಕ್ಕೂ ಕಾರಣ ಮುಚ್ಚಿದ ಕಿಟಕಿ. ಮನೆಯೊಳಗಿನ ಜನರ ಉಸಿರು, ಒಲೆಯ ಹೊಗೆ ಸೇರಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಅದು ನೀರಲ್ಲಿ ಕರಗಿ ಪಿಎಚ್ ಇಳಿಸುತ್ತದೆ. ಪುಡಿ ಹಾಕಿ ಏರಿಸಲು ಹೋಗಬೇಡಿ, ಸ್ಕಿಮ್ಮರಿನ (ನೀರಿನ ಕೊಳೆಯನ್ನು ನೊರೆಯಲ್ಲಿ ತೆಗೆಯುವ ಯಂತ್ರ) ಗಾಳಿ ಪೈಪನ್ನು ಕಿಟಕಿಯ ಹೊರಗೆ ಬಿಡಿ. ಮಳೆಗಾಲದಲ್ಲಿ ಟ್ಯಾಂಕ್ ನೀರು ಆರುವುದಿಲ್ಲ ಅಂದುಕೊಳ್ಳುವುದೂ ತಪ್ಪು. 26 ಡಿಗ್ರಿಯ ನೀರು 19 ಡಿಗ್ರಿಯ ಕೋಣೆಯಲ್ಲಿ ಚೆನ್ನಾಗಿಯೇ ಆವಿಯಾಗಿ ಗೋಡೆಗೆ ಹೋಗಿ ಕೂರುತ್ತದೆ. ಆರಿದ್ದಕ್ಕೆ ದಿನವೂ ಆರ್‌ಓ ನೀರು ಮಾತ್ರ ಹಾಕಿ, ಉಪ್ಪುನೀರಲ್ಲ.

ಸೊಳ್ಳೆ ಬತ್ತಿ, ಫಿನಾಯಿಲ್ ಪರವಾಗಿಲ್ವಾ?

ಟ್ಯಾಂಕ್ ಇರುವ ಕೋಣೆಯಲ್ಲಿ ಬೇಡ. ಏರ್ ಪಂಪ್ ಆ ಗಾಳಿಯನ್ನೇ ನೀರಿಗೆ ತುಂಬುತ್ತದೆ. ಸೊಳ್ಳೆ ಪರದೆ ಕಟ್ಟಿಕೊಳ್ಳಿ.

ಊಟ ಏನು ಕೊಡ್ಲಿ? ದಿನಾ ಕೊಡಬೇಕಾ?

ವಾರಕ್ಕೆ ಒಂದು ಅಥವಾ ಎರಡು ಸಲ, ಬಾಯಿಗಿಂತ ಸಣ್ಣ ತುಂಡು. ಉಪ್ಪು, ಅರಿಶಿನ ಹಚ್ಚದ ಹಸಿ ಸೀಗಡಿ ಅಥವಾ ಫ್ರೀಜ್ ಮಾಡಿದ ಮೈಸಿಸ್ ಎಂಬ ಸೀಗಡಿಯಂಥ ಸಣ್ಣ ಜೀವಿ. ದೊಡ್ಡ ತುಂಡು ನುಂಗಿದರೆ ಮರುದಿನ ಹಾಗೇ ಹೊರಗೆ ಹಾಕಿ ನೀರು ಕೆಡಿಸುತ್ತದೆ.

## ಮರಿ ಮಾಡಿಸುವುದು

ಅದು ತಾನೇ ಎರಡಾಗುತ್ತೆ ಅಂತೀರಲ್ಲ, ನೋಡಿದ್ರೆ ಹೇಗೆ ಗೊತ್ತಾಗುತ್ತೆ?

ಸಾಮಾನ್ಯವಾಗಿ ಗುಂಡಗಿರುವ ಅನಿಮೋನ್ ಮೊದಲು ಅಂಡಾಕಾರವಾಗುತ್ತದೆ. ಪಾದದ ಒಂದು ತುದಿ ಕಲ್ಲಿನ ಈ ಕಡೆಗೆ, ಇನ್ನೊಂದು ಆ ಕಡೆಗೆ ಹೊರಡುತ್ತದೆ. ಬಾಯಿ ಸಣ್ಣ ಗೀರಿನಂತೆ ಉದ್ದವಾಗುತ್ತದೆ. ಎರಡೂ ಪಾದ ಎಳೆದಾಡುತ್ತ ನಡುವಿನ ಮೈ ತೆಳ್ಳಗಾಗಿ, ತೊಗಲಿನ ಪಟ್ಟಿಯಷ್ಟಾಗಿ, ಕೊನೆಗೆ ಹರಿಯುತ್ತದೆ. ಕೆಲವು ಗಂಟೆಯಲ್ಲೂ ಮುಗಿಯಬಹುದು, ಎರಡು ಮೂರು ದಿನವೂ ಎಳೆಯಬಹುದು.

ಹರಿದ ತಕ್ಷಣ ನೋಡಿದವರು ಹೆದರುತ್ತಾರೆ. ಒಂದು ಬದಿಯಲ್ಲಿ ಮೈ ಪೂರ್ತಿ ತೆರೆದಿರುತ್ತದೆ, ಒಳಗಿನ ಬಿಳಿ ದಾರದಂಥ ತಂತುಗಳು ಹೊರಗೆ ಜೋಲುತ್ತವೆ, ಬಾಯಿ ಅರ್ಧಚಂದ್ರದಂತೆ ಅಂಚಿನಲ್ಲಿರುತ್ತದೆ. ಮುಟ್ಟಬೇಡಿ. ತೆರೆದ ಅಂಚುಗಳು ಒಳಮುಖವಾಗಿ ಸುರುಳಿ ಸುತ್ತಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೆಲವು ದಿನಗಳಿಂದ ಎರಡು ವಾರದೊಳಗೆ ಬಾಯಿ ಮತ್ತೆ ನಡುವಿಗೆ ಬರುತ್ತದೆ. ಆಮೇಲೆ ಮಾತ್ರ ಸಾಸಿವೆಯಷ್ಟು ಆಹಾರ ಕೊಟ್ಟು ನೋಡಿ, ಎಳೆ ಹಿಡಿದುಕೊಂಡು ಬಾಯಿಗೆ ಒಯ್ದರೆ ಗಾಯ ಮಾಗಿತು ಎಂದು ತಿಳಿಯಿರಿ.

ಬೇಗ ಸೀಳೋ ಹಾಗೆ ಏನಾದ್ರೂ ಉಪಾಯ ಇದೆಯಾ?

ಹೊಟ್ಟೆ ತುಂಬ ತಿನ್ನಿಸಿದಾಗ, ಒಮ್ಮೆಗೇ ಹೆಚ್ಚು ನೀರು ಬದಲಿಸಿದಾಗ, ಉಷ್ಣಾಂಶ ಏರುಪೇರಾದಾಗ ಸೀಳುವುದುಂಟು. ಅಂದರೆ ಚೆನ್ನಾಗಿ ಬೆಳೆದೂ ಸೀಳುತ್ತದೆ, ಕಷ್ಟಕ್ಕೆ ಸಿಕ್ಕಿಯೂ ಸೀಳುತ್ತದೆ. ಮೇಲಿಂದ ಮೇಲೆ ಸೀಳಿ ಮರಿಗಳು ಸಣ್ಣದಾಗುತ್ತ ಹೋದರೆ ಸಂಭ್ರಮಪಡಬೇಡಿ, ನೀರು ಪರೀಕ್ಷೆ ಮಾಡಿ. ಬೇಕೆಂದೇ ಹಿಂಸೆ ಕೊಟ್ಟು ಸೀಳಿಸುವುದನ್ನು ನಾನು ಒಪ್ಪುವುದಿಲ್ಲ.

ಬ್ಲೇಡ್‌ನಲ್ಲಿ ಕತ್ತರಿಸಿದ್ರೂ ಎರಡಾಗುತ್ತಂತೆ? ನಾನೂ ಮಾಡಬಹುದಾ?

ಬಬಲ್ ಟಿಪ್ ಆದರೆ ಆಗುತ್ತದೆ. ಮಾಡುವ ಮೊದಲು ಮೂರು ಮಾತು. ಅನಿಮೋನ್ ನಿಮ್ಮಲ್ಲೇ ಒಂದು ವರ್ಷ ಚೆನ್ನಾಗಿ ಬೆಳೆದಿರಬೇಕು. ಅರಳಿದಾಗ ಅಗಲ 10 ಸೆಂಟಿಮೀಟರಿಗೆ ಕಮ್ಮಿ ಇರಬಾರದು. ಮಳೆಗಾಲದಲ್ಲಿ, ಕರೆಂಟ್ ನಂಬಲಾಗದ ತಿಂಗಳಲ್ಲಿ ಬೇಡ, ಅಕ್ಟೋಬರ್ ಕಳೆಯಲಿ.

ಟ್ಯಾಂಕ್ ನೀರನ್ನೇ ಹಾಕಿದ ತಟ್ಟೆಯಲ್ಲಿ ಬಿಳಿ ಪ್ಲಾಸ್ಟಿಕ್ ಹಲಗೆ ಇಡಿ. ಕೈಗವಸು, ಕಣ್ಣಿಗೆ ಕನ್ನಡಕ. ಹೊಸ ಬ್ಲೇಡಿಗೆ ಎಣ್ಣೆ ಸವರಿರುತ್ತದೆ, ಸ್ಪಿರಿಟ್‌ನಲ್ಲಿ ಒರೆಸಿ ಆರ್‌ಓ ನೀರಲ್ಲಿ ತೊಳೆಯಿರಿ. ಹೊರತೆಗೆದ ಅನಿಮೋನ್ ಮುದುಡಿಕೊಳ್ಳುತ್ತದೆ, ಬಾಯಿ ಎಲ್ಲಿದೆಯೆಂದು ಸ್ಪಷ್ಟವಾಗುವವರೆಗೆ ಕಾಯಿರಿ. ಬಾಯಿಯ ನಡುವಿನಿಂದ ಪಾದದವರೆಗೆ ಒಂದೇ ಒತ್ತಿಗೆ ಕತ್ತರಿಸಿ. ಗರಗಸದಂತೆ ಹಿಂದೆ ಮುಂದೆ ಎಳೆದರೆ ಅಂಚು ಜಜ್ಜಿ ಕೊಳೆಯುತ್ತದೆ. ಎರಡೂ ಭಾಗಕ್ಕೆ ಬಾಯಿಯ ಪಾಲೂ ಪಾದದ ಪಾಲೂ ಬರಬೇಕು, ಇಲ್ಲದಿದ್ದರೆ ಬದುಕುವುದು ಕಷ್ಟ. ನಾಲ್ಕು ಮಾಡುವ ಆಸೆ ಬೇಡ, ಎರಡು ಸಾಕು.

ಎರಡನ್ನೂ ಸಣ್ಣ ಕಲ್ಲು ಹಾಕಿದ ಪ್ಲಾಸ್ಟಿಕ್ ಬುಟ್ಟಿಯಲ್ಲಿಟ್ಟು, ಮೇಲೆ ಬಲೆ ಕಟ್ಟಿ, ಹರಿವು ಕಡಿಮೆ ಇರುವ ಮೂಲೆಯಲ್ಲಿ ತೂಗುಹಾಕಿ. ಕತ್ತರಿಸಿದ ದಿನ ಶೇಕಡಾ 20ರಷ್ಟು ನೀರು ಬದಲಿಸಿ, ನೀರಿನ ಕಲ್ಮಶ ಹೀರುವ ಹೊಸ ಕಾರ್ಬನ್ ಹಾಕಿ. ದಿನವೂ ಮೂಸಿ ನೋಡಿ. ಕೊಳೆತ ವಾಸನೆ ಬಂದು ಮೈ ಲೋಳೆಯಾಗಿ ಕರಗುತ್ತಿದ್ದರೆ ಆ ತುಂಡನ್ನು ಕೂಡಲೇ ತೆಗೆಯಿರಿ, ಇಲ್ಲವಾದರೆ ಇಡೀ ಟ್ಯಾಂಕ್ ಕೆಡುತ್ತದೆ.

ಇಷ್ಟೆಲ್ಲ ಬರೆದರೂ ಹೇಳುತ್ತೇನೆ, ತಾನೇ ಸೀಳುವವರೆಗೆ ಕಾಯಿರಿ. ಬ್ಲೇಡ್ ಹಿಡಿಯಬೇಕಾದ ಅವಸರ ಮನೆಯಲ್ಲಿ ಸಾಕುವವರಿಗೆ ಇಲ್ಲ.

ಕಾರ್ಪೆಟ್ ಅನಿಮೋನನ್ನೂ ಹೀಗೇ ಕತ್ತರಿಸ್ಲಾ?

ಕೂಡದು. ದೊಡ್ಡ ಕಾರ್ಪೆಟ್ ಜಾತಿಗಳು ಸಹಜವಾಗಿ ಸೀಳುವಂಥವಲ್ಲ, ಕತ್ತರಿಸಿದರೆ ಸಾಯುವುದೇ ಹೆಚ್ಚು.

ಮರಿಯನ್ನು ಕಲ್ಲಿನಿಂದ ಬಿಡಿಸೋದು ಹೇಗೆ? ಎಳೆದ್ರೆ ಹರಿಯುತ್ತೆ ಅಂತ ಭಯ.

ಭಯ ಸರಿಯಾದದ್ದೇ, ಎಳೆಯಬೇಡಿ. ಸಾಧ್ಯವಾದರೆ ಕಲ್ಲಿನ ಸಮೇತ ತೆಗೆಯಿರಿ. ಆಗದಿದ್ದರೆ ಆರ್‌ಓ ನೀರಿನ ಐಸ್ ತುಂಡೊಂದನ್ನು ಪಾದದ ಪಕ್ಕದ ಕಲ್ಲಿಗೆ ಒತ್ತಿ ಹಿಡಿಯಿರಿ, ತಂಪಿಗೆ ಪಾದ ಸಡಿಲವಾಗುತ್ತದೆ. ಉಗುರಿನ ಬದಲು ಬೆರಳ ಮೆತ್ತನೆ ಭಾಗದಿಂದ ಅಂಚು ಸ್ವಲ್ಪ ಸ್ವಲ್ಪವೇ ಎಬ್ಬಿಸಿ. ಸೀಳಿ ಒಂದು ತಿಂಗಳಾಗದ ಮರಿಯನ್ನು ಎಬ್ಬಿಸಲೇಬೇಡಿ. ಬಿಡಿಸಿದ್ದು ಓಡಾಡಿ ವೇವ್‌ಮೇಕರಿಗೆ ಸಿಕ್ಕಿದರೆ ಚೂರುಚೂರು, ಆದ್ದರಿಂದ ಪಂಪಿನ ಬಾಯಿಗೆಲ್ಲ ಸ್ಪಂಜು ಅಥವಾ ಬಲೆ ಇರಲಿ.

ಮರಿ ಬೆಳ್ಳಗಾಗ್ತಿದೆ. ಸಾಯುತ್ತಾ?

ಮೈಯೊಳಗಿನ ಪಾಚಿ ಹೊರಟುಹೋಗಿದೆ. ಸತ್ತಂತೆ ಅಲ್ಲ. ಬೆಳಕನ್ನು ಒಮ್ಮೆಗೇ ಏರಿಸದೆ ಮಧ್ಯಮಕ್ಕೆ ಇಟ್ಟು, ಎರಡು ದಿನಕ್ಕೊಮ್ಮೆ ಅತಿ ಸಣ್ಣ ತುಂಡು ಆಹಾರ ಕೊಡಿ. ಬಣ್ಣ ಮರಳಲು ತಿಂಗಳುಗಳೇ ಬೇಕು.

ಎಲ್ಲಾ ಕಡೆ ಸಣ್ಣ ಕಂದು ಮರಿಗಳು ಎದ್ದಿವೆ! ನಮ್ಮ ಅನಿಮೋನ್ ಮರಿ ಹಾಕಿದೆಯಾ?

ಈ ಸಂತೋಷದ ಮೆಸೇಜಿಗೆ ಉತ್ತರಿಸುವುದು ಪ್ರತಿ ಸಲವೂ ಕಷ್ಟ. ಅದು ಬಹುಮಟ್ಟಿಗೆ ಐಪ್ಟೇಸಿಯಾ, ಕಲ್ಲಿನ ಜೊತೆ ಬರುವ ಕಳೆ ಅನಿಮೋನ್. ಉದ್ದ ಕಾಂಡ, ಚೂಪು ಎಳೆ, ಮುಟ್ಟಿದರೆ ಕಲ್ಲಿನೊಳಗೆ ಸರ್ರನೆ ಹೋಗುತ್ತದೆ. ಇದು ನಡೆಯುತ್ತ ಪಾದದ ಚೂರುಗಳನ್ನು ಬಿಟ್ಟು ಹೋಗುತ್ತದೆ, ಒಂದೊಂದು ಚೂರೂ ಹೊಸ ಪ್ರಾಣಿಯಾಗುತ್ತದೆ. ಕೆರೆದು ತೆಗೆದರೆ ನೀವೇ ಬಿತ್ತನೆ ಮಾಡಿದಂತೆ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಗಟ್ಟಿಯಾಗಿ ಕಲಸಿ, ಸಿರಿಂಜಿನಿಂದ ಬಾಯಿಗೆ ಬಿಡಿ, ದಿನಕ್ಕೆ ಮೂರು ನಾಲ್ಕಕ್ಕೆ ಮಾತ್ರ, ಇಲ್ಲದಿದ್ದರೆ ಪಿಎಚ್ ಏರುತ್ತದೆ. ಎಲೆ ಅಡಿಕೆಯ ಸುಣ್ಣ ಬೇಡ, ಅದರಲ್ಲಿ ಬೇರೆ ಏನು ಸೇರಿಸಿರುತ್ತಾರೋ ಹೇಳಲಾಗದು. ಪೆಪ್ಪರ್‌ಮಿಂಟ್ ಸೀಗಡಿ, ಬರ್ಗಿಯಾ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳು ಇದನ್ನು ತಿನ್ನುತ್ತವೆ.

ಕೈಗೆ ತಾಗಿ ಉರಿ ಆಯ್ತು. ವಿಷವಾ?

ಬಬಲ್ ಟಿಪ್ ಸಾಮಾನ್ಯವಾಗಿ ಅಂಟಿದಂತೆ ಅನಿಸಿ ಸ್ವಲ್ಪ ತುರಿಸುತ್ತದೆ, ಅಷ್ಟೆ. ಕಾರ್ಪೆಟ್ ಜೋರಾಗಿ ಕುಟುಕುತ್ತದೆ. ಅಲರ್ಜಿ ಇದ್ದವರಿಗೆ ಬಾವು, ಉಸಿರಾಟದ ತೊಂದರೆ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಟ್ಯಾಂಕ್ ಇರಲಿ.

## ಸ್ವಲ್ಪ ಮುಂದೆ ಹೋದವರಿಗೆ

ಒಂದರಿಂದ ಹತ್ತಾಗಿದೆ. ಇವೆಲ್ಲ ಅಣ್ಣತಮ್ಮಂದಿರಾ?

ಅದಕ್ಕಿಂತ ಹತ್ತಿರ. ಹತ್ತೂ ಒಂದೇ ಜೀವದ ಪ್ರತಿಗಳು. ಗಂಡಾದರೆ ಎಲ್ಲವೂ ಗಂಡು, ಹೆಣ್ಣಾದರೆ ಎಲ್ಲವೂ ಹೆಣ್ಣು. ಒಂದಕ್ಕೆ ತಡೆಯಲಾಗದ ಬಿಸಿ ಹತ್ತಕ್ಕೂ ತಡೆಯಲಾಗದು. ಆದ್ದರಿಂದ ಹತ್ತನ್ನೂ ಒಂದೇ ಟ್ಯಾಂಕಿನಲ್ಲಿ ಇಟ್ಟುಕೊಳ್ಳಬೇಡಿ. ಎರಡನ್ನು ಪೊನ್ನಂಪೇಟೆಯ ಗೆಳೆಯರಿಗೆ, ಎರಡನ್ನು ಮೈಸೂರಿನ ಭಾವನಿಗೆ ಕೊಡಿ. ನಿಮ್ಮಲ್ಲಿ ಹೀಟರ್ ಕೆಟ್ಟು ಎಲ್ಲ ಹೋದರೂ ಅದೇ ತಳಿ ಮರಳಿ ಸಿಗುತ್ತದೆ.

ಮೈಸೂರಿಗೆ ಬಸ್ಸಿನಲ್ಲಿ ಕಳಿಸಿದ್ರೆ ಬದುಕುತ್ತಾ?

ಮಡಿಕೇರಿಯಿಂದ 120 ಕಿಲೋಮೀಟರ್, ಆರಾಮಾಗಿ ತಡೆಯುತ್ತದೆ. ಎರಡು ಮೂರು ದಿನ ಮೊದಲೇ ಊಟ ನಿಲ್ಲಿಸಿ. ಚಿಪ್ಪಿಗೋ ಸಣ್ಣ ಕಲ್ಲಿಗೋ ಅಂಟಿದ ಮರಿಯಾದರೆ ಇನ್ನೂ ಒಳ್ಳೆಯದು. ಒಂದು ಚೀಲದಲ್ಲಿ ಒಂದೇ ಮರಿ, ಚೀಲದೊಳಗೆ ಚೀಲ, ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ, ಹೊರಗೆ ಥರ್ಮಾಕೋಲ್ ಡಬ್ಬಿ. ಘಾಟಿ ರಸ್ತೆಯ ಚಳಿಗೆ ಡಬ್ಬಿಯ ಸಂದಿಗೆ ಹಳೆ ಪೇಪರ್ ತುರುಕಿ. ಪಡೆದವರು ಉಪ್ಪಿನಂಶ ಅಳೆದು, ಒಂದು ಗಂಟೆ ಹನಿಹನಿಯಾಗಿ ತಮ್ಮ ನೀರು ಬೆರೆಸಿ, ಚೀಲದ ನೀರನ್ನು ಟ್ಯಾಂಕಿಗೆ ಸುರಿಯದೆ ಮರಿಯನ್ನು ಮಾತ್ರ ಬಿಡಬೇಕು.

ಬದಲಿಸಿದ ಉಪ್ಪುನೀರನ್ನು ತೋಟಕ್ಕೆ ಚೆಲ್ಲಬಹುದಾ?

ಕಾಫಿ ಗಿಡದ ಬುಡಕ್ಕೆ, ಏಲಕ್ಕಿಗೆ, ಬಾವಿಯ ಹತ್ತಿರಕ್ಕೆ ಚೆಲ್ಲಬಾರದು. ತೊರೆಗೆ ಬಿಡಬಾರದು, ಇಲ್ಲಿನ ತೊರೆಯೆಲ್ಲ ಕಾವೇರಿಗೋ ಪಶ್ಚಿಮದ ಹೊಳೆಗಳಿಗೋ ಸೇರುವುದು. ಬಚ್ಚಲಿನ ನೀರಿನ ಜೊತೆ ಸ್ವಲ್ಪ ಸ್ವಲ್ಪವೇ ತೆಳ್ಳಗೆ ಮಾಡಿ, ಬಾವಿಯಿಂದ ದೂರದ ಇಂಗುಗುಂಡಿಗೆ ಬಿಡಿ.

ಸೀಳಿದ್ದು ಸಾಕು. ಮೊಟ್ಟೆಯಿಂದ ಮರಿ ಮಾಡಿಸೋಕೆ ಆಗುತ್ತಾ?

ಬಬಲ್ ಟಿಪ್‌ನಲ್ಲಿ ಮನೆಯಲ್ಲಿ ಇದು ಬಹಳ ಅಪರೂಪ. ಮೊದಲನೆಯದಾಗಿ ಗಂಡೂ ಹೆಣ್ಣೂ ಬೇಕು, ಅಂದರೆ ಬೇರೆ ಬೇರೆ ಮೂಲದ ಅನಿಮೋನುಗಳು ಬೇಕು. ಹೊರಗಿನಿಂದ ನೋಡಿ ಗಂಡು ಹೆಣ್ಣು ಹೇಳಲಾಗದು. ಕಡಲಲ್ಲಿ ಅವು ವರ್ಷದ ಕೆಲವೇ ರಾತ್ರಿ, ಹುಣ್ಣಿಮೆ ಕಳೆದ ಮೇಲೆ, ನೀರಿಗೆ ಮೊಟ್ಟೆ, ವೀರ್ಯ ಬಿಡುತ್ತವೆ. ಕೂಡಿದ ಮೊಟ್ಟೆ ಪ್ಲಾನುಲಾ ಎಂಬ ಈಜುವ ಮರಿಯಾಗಿ, ಜಾಗ ಹುಡುಕಿ ಕೂರುತ್ತದೆ. ಐಪ್ಟೇಸಿಯಾ ಮೇಲೆ ಪ್ರಯೋಗ ಮಾಡುವವರು ಬೆಳದಿಂಗಳ ಬದಲು ರಾತ್ರಿ ಮಂದ ನೀಲಿ ಎಲ್‌ಇಡಿ ಕೊಟ್ಟು ಮೊಟ್ಟೆ ಬಿಡಿಸಿದ್ದಾರೆ. ತಿಂಗಳಿಗೆ ಕೆಲವು ರಾತ್ರಿ ಮಾತ್ರ ನೀಲಿ ದೀಪ ಉರಿಯುವಂತೆ ಟೈಮರ್ ಇಟ್ಟು ನೀವೂ ಪ್ರಯತ್ನಿಸಬಹುದು, ಉಳಿದ ರಾತ್ರಿಗಳು ಪೂರ್ತಿ ಕತ್ತಲಿರಬೇಕು.

ಮೊಟ್ಟೆಯ ದಾರಿಯಲ್ಲಿ ನಿಜವಾಗಿ ಆಸಕ್ತಿ ಇದ್ದವರಿಗೆ ರಾಕ್ ಫ್ಲವರ್ ಅನಿಮೋನ್ ಹೇಳುತ್ತೇನೆ. ಕೆರಿಬಿಯನ್ ಕಡಲಿನದು, ಸಣ್ಣದು, ಹೆಚ್ಚು ನಡೆದಾಡುವುದಿಲ್ಲ. ಬೇರೆ ಬೇರೆ ಬಣ್ಣದ ಐದಾರನ್ನು ಹತ್ತಿರ ಹತ್ತಿರ ಕೂರಿಸಿ ಚೆನ್ನಾಗಿ ತಿನ್ನಿಸಿದರೆ ಮನೆಯ ಟ್ಯಾಂಕಿನಲ್ಲೂ ಗಂಡು ಹೆಣ್ಣು ಕೂಡಿ ಮರಿಯಾಗುತ್ತವೆ, ಮರಿಯ ಬಣ್ಣ ತಾಯಿಯಂತೆಯೇ ಇರಬೇಕೆಂದಿಲ್ಲ.

ಒಂದು ರಾತ್ರಿ ನೀರು ಇದ್ದಕ್ಕಿದ್ದಂತೆ ಹಾಲು ಬೆರೆಸಿದಂತಾದರೆ, ಅಥವಾ ಬಾಯಿಯಿಂದ ಸಣ್ಣ ಗುಂಡುಗಳು ಹೊರಬರುತ್ತಿದ್ದರೆ, ಮೊದಲು ಸ್ಕಿಮ್ಮರ್, ವೇವ್‌ಮೇಕರ್, ನೀರು ಶುದ್ಧಿ ಮಾಡುವ ಯುವಿ ದೀಪ ಎಲ್ಲ ಆಫ್ ಮಾಡಿ ಏರ್ ಸ್ಟೋನ್ ಒಂದನ್ನೇ ಬಿಡಿ. ಸ್ಟೀಲ್ ಲೋಟ ಬೇಡ, ಪ್ಲಾಸ್ಟಿಕ್ ಮಗ್‌ನಿಂದ ಮೊಟ್ಟೆ ಇರುವ ನೀರನ್ನು ಮೆಲ್ಲನೆ ಎತ್ತಿ, ಅದೇ ಉಷ್ಣಾಂಶದ ಬಕೆಟ್ಟಿಗೆ ಹಾಕಿ. ಒಂದೆರಡು ಗಂಟೆ ಕಳೆದು ಟ್ಯಾಂಕಿನ ಸ್ಕಿಮ್ಮರನ್ನು ಮತ್ತೆ ಹಾಕಿ, ಬೆಳಿಗ್ಗೆ ಅಮೋನಿಯಾ ಪರೀಕ್ಷಿಸಿ, ಕಾಲುಭಾಗ ನೀರು ಬದಲಿಸಿ. ಬಕೆಟ್ಟಿನಲ್ಲಿ ಹಳೆ ಕಲ್ಲಿನ ನಾಲ್ಕು ತುಂಡು, ಒಂದೆರಡು ಚಿಪ್ಪು ಇಟ್ಟಿರಿ, ಮರಿಗಳು ಕೂರಲು ಒರಟು ಜಾಗ ಬೇಕು. ದಿನವೂ ಸ್ವಲ್ಪ ನೀರು ಬದಲಿಸುತ್ತ, ಟಾರ್ಚ್ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ಕಲ್ಲಿನ ಅಡಿಭಾಗ ನೋಡಿ. ಆ ರಾತ್ರಿಯ ತಿಥಿ, ಉಷ್ಣಾಂಶ, ಹಿಂದಿನ ವಾರ ಕೊಟ್ಟ ಊಟ ಎಲ್ಲ ಬರೆದಿಟ್ಟು ನನಗೂ ತಿಳಿಸಿ, ಮುಂದಿನ ಸಲ ಈ ಉತ್ತರದ ಜೊತೆ ಸೇರಿಸುತ್ತೇನೆ.